ಅರ್ಧಕ್ಕೆ ನಿಂತ ಕಥೆ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಅಚ್ಚಿನಕ್ಕ ಎಂದೇ ಕರೆಯುತ್ತಿದ್ದರು. ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದವರ ಕೈಯ ಅಚ್ಚು ತೆಗೆದು, ಅದಕ್ಕೆ ಪ್ಲಾಸ್ಟರ್ ಸುರಿದು, ಮನೆಯವರಿಗೆ ನೆನಪಿಗೆಂದು ಕೊಡುವುದು ಅವಳ ಕೆಲಸ. ಅಚ್ಚಿನ ಹಿಟ್ಟು ಬಿಗಿಯುವ ಐದು ನಿಮಿಷ ಕೈ ಮಿಸುಕಬಾರದು. ಅದಕ್ಕೇ ಅವಳು ಕಥೆ ಹೇಳುತ್ತಿದ್ದಳು, ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಹಾಗೆ, ಹೂಂಗುಟ್ಟಿಸಿಕೊಂಡು. ಕಥೆ ಮುಗಿಯುವುದಕ್ಕೂ ಹಿಟ್ಟು ಬಿಗಿಯುವುದಕ್ಕೂ ಸರಿಹೋಗುತ್ತಿತ್ತು.

ಅಂದು ಬೆಳಿಗ್ಗೆ ಕಿಟಕಿ ಪಕ್ಕದ ಮಂಚದ ಮುದುಕಿಯ ಸರದಿ. ದೊಡ್ಡ ಮಗಳು ತಲೆದೆಸೆಯಲ್ಲಿ ನಿಂತಿದ್ದಳು.

"ನನ್ನ ತಂಗಿ ಬಸ್ಸಲ್ಲಿದ್ದಾಳೆ ಅಕ್ಕ. ನಾಲ್ಕು ವರ್ಷದ ಹಿಂದೆ ಜಗಳ ಆಡ್ಕೊಂಡು ಹೋದವಳು. ಹೊರಡುವಾಗ ಕೈ ಹಿಡಿಯೋಕೆ ಬಂದ್ರೆ ಅಮ್ಮ ಕೊಡವಿಬಿಟ್ಟಿದ್ಲು. ಈಗ ಆ ಕೈ ಒಂದ್ಸಲ ನನ್ನ ಹಿಡಿದ್ರೆ ಸಾಕು ಅಂತ ಫೋನಲ್ಲಿ ಒಂದೇ ಅಳು."

"ಬರೋವರೆಗೂ ಕಾಯೋಣ್ವಾ?"

"ನಾವೇನೋ ಕಾಯ್ತೀವಿ. ಅಮ್ಮ ಕಾಯ್ಬೇಕಲ್ಲ!"

ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನೇರ ಮಾಡಿ, ಅಚ್ಚಿನಕ್ಕ ಆ ಕೈಯನ್ನು ಹಿಟ್ಟು ಕಲಸಿಟ್ಟ ಬಕೆಟ್ಟಿನೊಳಕ್ಕೆ ಇಳಿಸಿದಳು.

"ಒಂದೂರಲ್ಲಿ ಒಬ್ಬ ತಾಯಿ ಇದ್ಲಂತೆ." ಮುದುಕಿ ಕ್ಷೀಣವಾಗಿ ಹೂಂಗುಟ್ಟತೊಡಗಿದಳು.

"ಹೂಂ."

"ಅವಳ ಮಗಳು ಕಾಡಲ್ಲಿ ದಾರಿ ತಪ್ಪಿದ್ಲಂತೆ."

"ಹೂಂ."

"ತಾಯಿ ಹೊಸ್ತಿಲಲ್ಲಿ ನಿಂತು ಕತ್ತಲೊಳಗೆ ಕೈ ಚಾಚಿದ್ಲಂತೆ..."

ಅಷ್ಟರಲ್ಲೇ ಹಿಟ್ಟು ಬಿಗಿದುಬಿಟ್ಟಿತ್ತು. ಮುದುಕಿಗೆ ಚಳಿಯಾಗದಿರಲೆಂದು ಬಿಸಿನೀರಲ್ಲಿ ಕಲಸಿದ್ದಳು. ಬಿಸಿನೀರಿಗೆ ಹಿಟ್ಟು ಅವಸರ ಮಾಡುತ್ತದೆಂಬುದು ಮರೆತೇಹೋಗಿತ್ತು. ಕೈ ಹೊರತೆಗೆದು, "ಉಳಿದದ್ದು ಆಮೇಲೆ ಹೇಳ್ತೀನಮ್ಮ" ಎಂದಳು.

"ಹೂಂ," ಎಂದಳು ಮುದುಕಿ. ಒಂದು ಗಂಟೆಯೊಳಗೆ ತೀರಿಕೊಂಡಳು.

ಮಧ್ಯಾಹ್ನ ಕೆಳಗಿನ ಕೋಣೆಯಲ್ಲಿ ಅಚ್ಚು ಸೀಳಿ, ಅಚ್ಚಿನಕ್ಕ ಪ್ಲಾಸ್ಟರಿನ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ನೇರವಾಗಿರಬೇಕಾಗಿದ್ದ ಬೆರಳುಗಳು ಬಾಗಿದ್ದವು, ಖಾಲಿಯನ್ನು ಹಿಡಿದುಕೊಂಡಂತೆ. ಕೈ ಅಲುಗಿದ್ದರೆ ಗೆರೆಗಳು ಕಲಸಿಹೋಗಬೇಕಿತ್ತು. ಇಲ್ಲಿ ಒಂದೊಂದು ಸುಕ್ಕೂ ಸ್ಪಷ್ಟ. ಬಿಗಿಯುವಾಗ ಪ್ಲಾಸ್ಟರ್ ಬೆಚ್ಚಗಾಗುವುದುಂಟು, ಆಮೇಲೆ ಆರುತ್ತದೆ. ಇದು ಆರಿರಲಿಲ್ಲ.

ಬಸ್ಸಿಳಿದ ಚಿಕ್ಕವಳನ್ನು ದೊಡ್ಡವಳು ಆ ಕೋಣೆಗೆ ಕರೆತಂದಾಗ ಅಮ್ಮನದೆಂದು ಬೆಚ್ಚಗೆ ಉಳಿದಿದ್ದದ್ದು ಅದೊಂದೇ ಕೈ. ಚಿಕ್ಕವಳು ತನ್ನ ಕೈಯನ್ನು ಆ ಬೆರಳುಗಳ ನಡುವೆ ತೂರಿಸಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅವಳ ಉಂಗುರಕ್ಕೂ ಅಲ್ಲೊಂದು ತಗ್ಗಿತ್ತು.

"ನೋಡ್ದೇನೇ? ಬೈದು ಬೈದೂ ನಿನಗೇ ಜಾಗ ಇಟ್ಟಿದ್ದಾಳೆ," ಎಂದಳು ದೊಡ್ಡವಳು, ಅಳುತ್ತಲೇ ನಕ್ಕು.

"ಅಕ್ಕಾ, ಕೈ ಬರ್ತಿಲ್ಲ ಕಣೇ."

"ಸೋಪು ಹಚ್ಚೋಣ್ವಾ?"

"ಅಂಟಿಲ್ಲ ಕಣೇ ಇದು. ಹಿಡ್ಕೊಂಡಿದೆ!"

ಚಿಕ್ಕವಳ ಬೆರಳ ತುದಿಗಳು ನೀಲಿಗಟ್ಟುತ್ತಿದ್ದವು. ಅಚ್ಚಿನಕ್ಕನಿಗೆ ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ಕಥೆ ಆಗ ತಟ್ಟನೆ ನೆನಪಾಯಿತು. ಬಗ್ಗಿ, ಪ್ಲಾಸ್ಟರಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದಳು:

"ಮಗಳು ಬಂದ್ಲಂತೆ."

ಪ್ಲಾಸ್ಟರಿನ ಹಿಡಿತ ಸಡಿಲಲಿಲ್ಲ.

"ತಾಯಿ ಅವಳ ಕೈ ಹಿಡಿದ್ಲಂತೆ."

"ಹೂಂ."

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ತುಟಿಯೂ ಮುಚ್ಚಿತ್ತು.

"ಸಿಟ್ಟೆಲ್ಲ ಇಳಿದುಹೋಯ್ತಂತೆ. ಇನ್ನು ಮನೆಗೆ ಹೋಗು ಮಗಳೇ ಅಂತ ಕೈ ಬಿಟ್ಲಂತೆ. ಕಥೆ ಮುಗೀತಮ್ಮ."

ಕೈ ಜಾರಿ ಬಂತು. ಮೇಜಿನ ಮೇಲೆ ಉಳಿದ ಪ್ಲಾಸ್ಟರಿನ ಕೈ ಕಲ್ಲಿನಂತೆ ತಣ್ಣಗಿತ್ತು. ಬೆರಳುಗಳು ನೇರವಾಗಿದ್ದವು, ಬೆಳಿಗ್ಗೆ ಅಚ್ಚಿನಕ್ಕ ಬಿಡಿಸಿಟ್ಟಿದ್ದ ಹಾಗೆಯೇ.

"ಆ ಕೈ ನಿನಗಿರಲಿ ಅಕ್ಕಾ," ಎಂದಳು ಚಿಕ್ಕವಳು ದೊಡ್ಡವಳಿಗೆ. ತನ್ನ ಕೈಯ ಮೇಲೆ ಮೂಡಿದ್ದ ನಾಲ್ಕು ಬೆರಳುಗಳ ಕೆಂಪು ಗುರುತನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ಎಲ್ಲಿ ಆರಿಹೋಗುವುದೋ ಎಂಬಂತೆ.