ಐವತ್ತನೇ ಪುಟದ ಅರ್ಧಚಂದ್ರ

ಮನೆಮನೆಗೂ ಕೇಬಲ್ ಬಂದು ಚಾಮರಾಜಪೇಟೆಯ ಹೆಂಗಸರೆಲ್ಲ ಸೀರಿಯಲ್ಲಿಗೆ ಅಂಟಿಕೊಂಡ ಕಾಲದಲ್ಲಿ ಚೂಡಾಮಣಿ ಕಾದಂಬರಿ ಹಿಡಿದಳು. ಅದುವರೆಗೆ ಅವಳು ಓದಿದ್ದೆಂದರೆ ಪಂಚಾಂಗ, ಬಿಟ್ಟರೆ ಮದುವೆ ಕಾಗದ. ಕಾದಂಬರಿಯ ಹುಚ್ಚು ಗಂಡ ಸಂಕರ್ಷಣರಾಯರದು. ಆಫೀಸಿನಿಂದ ಬಂದವರೇ ಶೀನಣ್ಣನ ಲೈಬ್ರರಿಯ ಪುಸ್ತಕ ಹಿಡಿದು ಕೂತರೆ ಕಾಫಿ ಆರಿಹೋಗುತ್ತಿತ್ತು, ಇವಳಿಗೆ ಮೈಯುರಿಯುತ್ತಿತ್ತು.

"ಆ ಪುಸ್ತಕಾನೇ ಕಟ್ಕೋಬೇಕಿತ್ತು ನೀವು" ಎಂದರೆ ನಕ್ಕು ಪುಟ ತಿರುಗಿಸುತ್ತಿದ್ದರು.

ಯುಗಾದಿ ಕಳೆದ ಮೇಲೆ ರಾಯರು ತೀರಿಕೊಂಡರು. ದಿಂಬಿನ ಪಕ್ಕ ಉಳಿದಿದ್ದ ಪುಸ್ತಕವನ್ನು ವಾಪಸ್ಸು ಕೊಡೋಣವೆಂದು ಎತ್ತಿಕೊಂಡಾಗ ಐವತ್ತನೇ ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನ ಪುಟ್ಟ ಅರ್ಧಚಂದ್ರ ಕಂಡಿತು. ಬಾಡಿಗೆ ಪುಸ್ತಕ ಓದುವವರ ಚಾಳಿ ಅವಳಿಗೂ ಗೊತ್ತಿತ್ತು. ಓದಿದ್ದನ್ನೇ ಮತ್ತೆ ತರಬಾರದೆಂದು ಒಬ್ಬೊಬ್ಬರು ಒಂದೊಂದು ಪುಟದಲ್ಲಿ ತಮ್ಮ ಗುರುತು ಹಾಕಿಡುತ್ತಾರೆ. ಇದು ಅವರದೇ ಎಂದುಕೊಂಡಳು. ಕೂತು ಓದಿದಳು.

ಆಮೇಲೆ ವರ್ಷವೆಲ್ಲ ಅದೇ ಕೆಲಸ. ಶೀನಣ್ಣನ ಕಪಾಟಿನ ಮುಂದೆ ನಿಂತು ಐವತ್ತನೇ ಪುಟ ನೋಡುವುದು, ಅರ್ಧಚಂದ್ರವಿದ್ದರೆ ಮನೆಗೆ ತರುವುದು. ಒಂದು ಕಾದಂಬರಿಯಲ್ಲಿ ವಿಧವೆಯೊಬ್ಬಳು ಸೈಕಲ್ ಕಲಿತಳು. ಓದಿದ ಮಾರನೆಯ ದಿನ ಚೂಡಾಮಣಿ ಒಬ್ಬಳೇ ಬಸ್ಸು ಹತ್ತಿ ಮೆಜೆಸ್ಟಿಕ್ಕಿಗೆ ಹೋಗಿ, ಹೋಟೆಲಿನಲ್ಲಿ ಒಬ್ಬಳೇ ಕೂತು ಮಸಾಲೆದೋಸೆ ತಿಂದು ಬಂದಳು. ಇನ್ನೊಂದರಲ್ಲಿ ಸೊಸೆಯ ಗೋಳು ಓದಿ ಸೆರಗು ಒದ್ದೆಯಾಗುವಷ್ಟು ಅತ್ತಳು. ಇದಕ್ಕೆ ರಾಯರೂ ಅತ್ತಿದ್ದರೇನೋ ಎಂದುಕೊಂಡಳು. ಬದುಕಿದ್ದಾಗ ಆಡದೇ ಉಳಿದ ಮಾತೆಲ್ಲ ಈಗ ಆಡುತ್ತಿದ್ದೇವೆ ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿತ್ತು. ಪ್ರತಿ ಅರ್ಧಚಂದ್ರದ ಪಕ್ಕ ತನ್ನದೊಂದು ಚುಕ್ಕೆ ಇಡುತ್ತಿದ್ದಳು.

ಮುಂದಿನ ಯುಗಾದಿಯ ಹೊತ್ತಿಗೆ ಅರ್ಧಚಂದ್ರಗಳು ಮುಗಿದವು.

"ಶೀನಣ್ಣ, ನಮ್ಮನೆಯವರ ಗುರುತಿರೋದು ಒಳಗೆಲ್ಲಾದ್ರೂ ಇದ್ರೆ ಹುಡುಕಿಕೊಡಿ" ಎಂದು ಕೈಲಿದ್ದ ಪುಸ್ತಕ ಬಿಡಿಸಿ ತೋರಿಸಿದಳು.

ಶೀನಣ್ಣ ನೋಡಿ ಕನ್ನಡಕ ತೆಗೆದ. "ಇದು ಶೈಲಜಮ್ಮನವರದು ಕಣಮ್ಮಾ. ನಾಲ್ಕನೇ ಮೇನಲ್ಲಿದ್ರಲ್ಲ, ಟೀಚರ್ರು. ಈಗ ಮಗಳ ಮನೇಲಿದಾರೆ. ರಾಯರು ಗುರುತು ಗಿರುತು ಏನೂ ಹಾಕ್ತಿರ್ಲಿಲ್ಲ."

ವರ್ಷವಿಡೀ ಯಾವಳದೋ ಬೆನ್ನು ಹಿಡಿದು ನಡೆದಂತಾಗಿತ್ತು. ರಾಯರು ಇನ್ನೊಂದು ಸಲ ತೀರಿಕೊಂಡರು.

"ಹಾಗಾದ್ರೆ ಓದಿದ್ದನ್ನೇ ಮತ್ತೆ ತಗೊಂಡ್ಹೋಗ್ತಿದ್ರಾ?"

"ಇಲ್ಲೊಂದಿದೆ ನೋಡಿ, ಇದನ್ನಂತೂ ಎಷ್ಟು ಸಲ ತಗೊಂಡ್ರೋ. ಓದಿದೀರಲ್ಲ ಸ್ವಾಮಿ ಅಂದ್ರೆ, ಮರ್ತೋಗಿದೆ ಕೊಡು ಶೀನಾ ಅಂತಿದ್ರು." ರಟ್ಟಿನ ಮೇಲೆ ದೋಣಿಯಿದ್ದ ಪುಸ್ತಕವೊಂದನ್ನು ಶೀನಣ್ಣ ಎಳೆದು ಕೊಟ್ಟ. ಗುರುತಿಲ್ಲವೆಂದು ಚೂಡಾಮಣಿ ಅದನ್ನು ಎಷ್ಟೋ ಸಲ ತೆಗೆದು ನೋಡಿ ಒಳಗೆ ತಳ್ಳಿದ್ದಳು.

ಮನೆಗೆ ಬಂದು ಕಾಫಿ ಮಾಡಿಕೊಂಡು ಕೂತಳು. ಕಾರವಾರದ ಕಡೆಯ ದೋಣಿಯವನ ಕಥೆ. ಜಗಳವಿಲ್ಲ, ಗೋಳಿಲ್ಲ, ಪುಟಪುಟಕ್ಕೂ ಬರೀ ಕಡಲು. ರಾಯರು ಕಡಲು ಕಂಡವರಲ್ಲ. ರಜೆ ಸಿಕ್ಕರೆ ಇವಳ ತವರು, ಇವಳು ಹರಕೆ ಹೊತ್ತ ದೇವಸ್ಥಾನ. ಕಡಲು ನೋಡಬೇಕೆಂದು ಅವರು ಬಾಯಿಬಿಟ್ಟು ಹೇಳಿದ್ದೂ ಇಲ್ಲ, ಇವಳು ಕೇಳಿದ್ದೂ ಇಲ್ಲ.

ಐವತ್ತನೇ ಪುಟಕ್ಕೆ ಬಂದಾಗ ಕೈ ತಾನಾಗಿ ಪೆನ್ಸಿಲ್ ಹಿಡಿಯಿತು. ಚುಕ್ಕೆ ಇಡಲು ಮನಸ್ಸಾಗಲಿಲ್ಲ. ಮುಂದಕ್ಕೆ ಓದಿದಳು.

ತಲೆಯೆತ್ತಿದಾಗ ಕಾಫಿ ಆರಿ ಕೆನೆಗಟ್ಟಿತ್ತು. ಬೈಯುವವರು ಯಾರೂ ಇರಲಿಲ್ಲ.