ಇಬ್ಬನಿ ಆರುವ ಹೊತ್ತಿನ ಬೆಂಕಿ

ಅವ್ವನ ಹೆಣ ಹೊತ್ತವರನ್ನು ಗುಡ್ಡದ ಅರ್ಧದಲ್ಲೇ ನಿಲ್ಲಿಸಿ, ಮಗಳು ಬಗ್ಗಿ ಒಂದು ಹಿಡಿ ಹುಲ್ಲನ್ನು ಬುಡಸಮೇತ ಕಿತ್ತು ಹಿಂಡಿದಳು. ತುದಿ ಗರಗರ ಎಂದಿತು. ಬುಡ ಬೆರಳಿಗೆ ತಣ್ಣಗೆ ಅಂಟಿತು. ಗಾಳಿ ಮೆಲ್ಲಗೆ ಕೆಳಗಿನ ಹಳ್ಳದ ಕಡೆಗೆ ಇಳಿಯುತ್ತಿತ್ತು.

“ಹೆಗಲ ಮೇಲೆ ನಿಮ್ಮವ್ವ ಇದಾಳೆ ಕಣೇ,” ಎಂದ ಸೋದರಮಾವ. ಕತ್ತರಿ ಹಿಡಿದು ಬದುಕಿದ ಕ್ಷೌರದವನಿಗೆ ಭಾರ ಹೊತ್ತು ಅಭ್ಯಾಸವಿರಲಿಲ್ಲ. “ಬದುಕಿದ್ದಾಗ ಹಿಡಿಯಷ್ಟಿದ್ಲು. ಈಗ ನೋಡು, ಸಿಮೆಂಟ್ ಮೂಟೆ.”

“ಇಳಿಸಬೇಡ ಮಾವ. ಸ್ವಲ್ಪ ನಿಂತಿರು.”

ಹಿಂದೆ ಬರುತ್ತಿದ್ದ ಕಾಡಿನ ಗಾರ್ಡು ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ. ಗುಡ್ಡಕ್ಕೆ ಬೆಂಕಿ ಇಟ್ಟಳೆಂದು ಮುದುಕಿಯನ್ನು ಎರಡು ಸಲ ಲಾಕಪ್ಪಿಗೆ ಹಾಕಿಸಿದವನು ಅವನೇ. ಕೊಳ್ಳಿಯಜ್ಜಿ ಎಂದು ಹೆಸರಿಟ್ಟವನೂ ಅವನೇ. ಪಕ್ಕದವನಿಗೆ ಹೇಳಿದ: “ಒಳ್ಳೆ ಹೆಂಗಸು. ಆದ್ರೂ, ಈ ಗುಡ್ಡದ ಬೆಂಕಿ ಕಾಟ ಇವತ್ತು ಅವಳ ಜೊತೆ ಮಣ್ಣಾಗುತ್ತೆ.”

ಮಗಳಿಗೆ ಕೇಳಿಸಿತು.

*

ಅವ್ವನನ್ನು ಎರಡನೆಯ ಸಲ ಲಾಕಪ್ಪಿನಿಂದ ಬಿಡಿಸಿಕೊಂಡು ಬಂದ ದಿನ ಮಗಳು ಅವಳ ಕೈಯೆಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಳು. “ಇನ್ನು ಹಚ್ಚಲ್ಲ ಅಂತ ಆಣೆ ಇಡು.”

“ಹಚ್ಚದೆ ಬಿಟ್ರೆ ಮುಳ್ಳು ಮೇಲೇಳುತ್ತೆ ಕಣೇ. ಯಾರೋ ಒಂದಿನ ಬೀಡಿ ಎಸೆದ್ರೆ ಮರದ ನೆತ್ತಿ ತನಕ ಉರಿಯುತ್ತೆ. ನಮ್ಮಜ್ಜಿ ಕಾಲದಿಂದ...”

“ಆಣೆ ಇಡವ್ವ.”

ಇಟ್ಟಳು. ಪೊಲೀಸರಿಗೆ ಬಗ್ಗದವಳು ಮಗಳಿಗೆ ಬಗ್ಗಿದಳು. ಆಮೇಲೆ ಗುಡ್ಡಕ್ಕೆ ಕಿಡಿ ಸೋಕಲಿಲ್ಲ. ಸುಟ್ಟ ನೆಲದಲ್ಲೇ ಚಿಗುರುವ ಕಹಿಸೊಪ್ಪು ಮೊದಲ ವರ್ಷ ತೆಳುವಾಯಿತು, ಮರುವರ್ಷ ಕಾಣೆಯಾಯಿತು. ಗೆಡ್ಡೆ ಅಗೆಯುವ ಜಾಗವನ್ನೆಲ್ಲ ಮುಳ್ಳು ನುಂಗಿತು. ಹೋದ ಮಳೆಗಾಲ, ಹಾಸಿಗೆ ಹಿಡಿದು ಬಾಯಿಗೆ ಏನೂ ರುಚಿಸದಿದ್ದಾಗ, ಅವ್ವ ಆ ಸೊಪ್ಪನ್ನೇ ಕೇಳಿದಳು. ಮಗಳು ಮುಳ್ಳಿನೊಳಗೆ ತೂರಿ, ಕೈಯೆಲ್ಲ ಗೀರಿಸಿಕೊಂಡು, ಬರಿ ಮಡಿಲಲ್ಲಿ ಬಂದಳು. ಅವ್ವ ಬೈಯಲಿಲ್ಲ. ಗೀರುಗಳಿಗೆ ಎಣ್ಣೆ ಸವರಿ, ಗೋಡೆಯ ಕಡೆ ತಿರುಗಿ ಮಲಗಿದಳು.

*

“ಮಾವ, ಕಡ್ಡಿಪೆಟ್ಟಿಗೆ ಎಲ್ಲಿದೆ?”

“ಅಂಗಿ ಜೇಬಲ್ಲಿ. ಇವತ್ತು ಬೇಡ ಕಣೇ. ನಿನ್ನ ತಲೆ ಮೇಲೆ ಆಣೆ ಇದೆ.”

“ಆಣೆ ಇಟ್ಟಿದ್ದು ಅವಳು. ನಾನಲ್ಲ.”

“ಹೋಗ್ಲಿ, ಮಣ್ಣು ಮಾಡಿ ಬಂದ ಮೇಲೆ...”

“ಅಷ್ಟೊತ್ತಿಗೆ ಇಬ್ಬನಿ ಪೂರ್ತಿ ಆರಿರುತ್ತೆ. ಆಮೇಲೆ ಬೆಂಕಿ ನಮ್ಮ ಮಾತು ಕೇಳಲ್ಲ.”

ಮಾವನ ಎರಡೂ ಕೈ ಚಟ್ಟದ ಮೇಲಿದ್ದವು. ಅವಳೇ ಜೇಬಿಗೆ ಕೈ ಹಾಕಿದಳು. ಗಾರ್ಡು ಮುಂದೆ ಬಂದ.

“ಏನಮ್ಮ ಇದು? ಸಾವು ಅಂತ ಸುಮ್ಮನಿದೀನಿ.”

“ಸುಮ್ಮನಿರಬೇಡಿ ಸಾರ್. ಕೊಳ್ಳಿಯಜ್ಜಿ ಮಗಳು ಅಂತ ಬರ್ಕೊಳ್ಳಿ. ಅವ್ವನ್ನ ಮಲಗಿಸಿ ನಾನೇ ಸ್ಟೇಷನ್ನಿಗೆ ಬರ್ತೀನಿ. ಜೀಪಿನ ಡೀಸೆಲ್ ಉಳೀತು.”

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಹೆಣದ ಹಿಂದೆ ಬಂದಿದ್ದ ಹೆಂಗಸರು, ಬೆಂಕಿ ಅಂಚು ಮೀರಿದರೆ ಬಡಿದು ಆರಿಸಲು, ಹಸಿ ಕೊಂಬೆಗಳನ್ನು ಮುರಿದುಕೊಂಡು ಹುಲ್ಲಿನ ಎರಡೂ ಅಂಚಿಗೆ ಹೋಗಿ ನಿಂತರು.

ಅವಳು ದಾರಿಯ ಮೇಲ್ಗಡೆ ಹತ್ತಿ ಕಡ್ಡಿ ಗೀರಿದಳು. ಬೆಂಕಿ ಹಾರಲಿಲ್ಲ. ಒಣ ತುದಿಗಳನ್ನು ಮೇಯುತ್ತ, ಒದ್ದೆ ಬುಡಗಳನ್ನು ಬಿಡುತ್ತ, ಮುಳ್ಳುಪೊದೆಗಳ ಕೆಳಗೆ ಚಟಪಟ ಎನ್ನುತ್ತ ಇಳಿದು, ಹುಲ್ಲು ಮುಚ್ಚಿದ ಕಾಲುದಾರಿಗೆ ಅಡ್ಡ ಬಂತು. ಹೆಣ ಹೊತ್ತವರು ಮಾವನ ಮುಖ ನೋಡಿದರು.

“ನಡೀರಿ,” ಎಂದ ಅವನು.

ಹೊತ್ತವರು, ಅವರ ಹಿಂದಿದ್ದವರು, ಒಬ್ಬೊಬ್ಬರಾಗಿ ಕಾಲೆತ್ತಿ, ಹೊಸಿಲು ದಾಟುವಂತೆ, ಬೆಂಕಿ ದಾಟಿದರು. ಹೆಗಲ ಮೇಲಿನ ಮುದುಕಿ ಅಲುಗಲಿಲ್ಲ. ದಾರಿಯಲ್ಲಿ ಈಚೆ ಉಳಿದವನು ಗಾರ್ಡು ಒಬ್ಬನೇ. ಅತ್ತಿತ್ತ ನೋಡಿ, ಪ್ಯಾಂಟಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಅವನೂ ಕಾಲು ಮುಂದಿಟ್ಟ.