ಒಂಟಿ ಸವಾರಿಗೆ ಅರ್ಧ ಟಿಕೆಟ್

ಸಾಲಿಗ್ರಾಮದ ನಂಜುಂಡೇಶನ ಆರ್‌ಎಕ್ಸ್ ಹಂಡ್ರೆಡ್ ಬೈಕಿನ ಹಿಂದಿನ ಸೀಟು ಖಾಲಿ ಇದ್ದದ್ದನ್ನು ಮೂವತ್ತು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ಅವನದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಸುತ್ತಿನ ರೈತರಿಗೆಲ್ಲ ಅವನ ಪರಿಚಯ. ಅವನಿಗಿಂತ ಹೆಚ್ಚಾಗಿ ಅವನ ಬೈಕಿನ ಸದ್ದಿನ ಪರಿಚಯ. ಆ ಸದ್ದು ದೂರದಲ್ಲಿ ಕೇಳಿದರೆ ಸಾಕು, ಬಸ್ಸಿಗೆ ಕಾಯುತ್ತಿದ್ದವರು ಚೀಲ ಎತ್ತಿಕೊಂಡು ರಸ್ತೆಗೆ ಇಳಿಯುತ್ತಿದ್ದರು. ಕೇಳುವುದು ಹೇಳುವುದು ಏನಿಲ್ಲ. ನಿಂತ ಕೂಡಲೇ ಹತ್ತುವುದು, ಊರು ಬಂದಾಗ ಭುಜ ತಟ್ಟುವುದು. ಕೋರ್ಟಿಗೆ ಸಾಕ್ಷಿ ಹೇಳಲು ಹೊರಟವರು, ಹಲ್ಲು ಕೀಳಿಸಲು ಹೊರಟವರು, ಒಮ್ಮೆಯಂತೂ ಮುಹೂರ್ತಕ್ಕೆ ತಡವಾದ ಮದುಮಗನೇ ಬಾಸಿಂಗದ ಸಮೇತ ಅಲ್ಲಿ ಕೂತು ಹೋಗಿದ್ದ. ಇವರಿಗೆಲ್ಲ ಜಾಗ ಬಿಟ್ಟು ಬಿಟ್ಟು, ಹೊಟ್ಟೆಯನ್ನು ಪೆಟ್ರೋಲ್ ಟ್ಯಾಂಕಿಗೆ ಒತ್ತಿಕೊಂಡು ಓಡಿಸುವುದೇ ನಂಜುಂಡೇಶನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಐವತ್ತಮೂರನೆಯ ವಯಸ್ಸಿಗೆ ಅವನಿಗೊಂದು ಆಸೆ ಹುಟ್ಟಿತು. ಹೆಗ್ಗಡದೇವನಕೋಟೆಯಲ್ಲಿ ಡಿಸೆಂಬರಿನ ಒಂದು ಭಾನುವಾರ ಬೈಕ್ ಸವಾರರ ಮೇಳವಿದೆಯೆಂದು ವಾಟ್ಸ್‌ಆ್ಯಪಿನಲ್ಲಿ ಬಂದಿತ್ತು. ಮನೆಯಿಂದ ಮೈದಾನದವರೆಗೆ ಒಬ್ಬರೇ ಬಂದವರಿಗೆ ‘ಒಂಟಿ ಸವಾರಿ’ ಎಂದು ಕೆತ್ತಿದ ಹಿತ್ತಾಳೆಯ ಬಿಲ್ಲೆ. ಹನ್ನೊಂದು ಗಂಟೆಯೊಳಗೆ ತಲುಪಬೇಕು. ಅವನು ಆ ಬಿಲ್ಲೆಯ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದ.

“ಒಬ್ರೇ? ನೀವು?” ಎಂದಳು ಹೆಂಡತಿ ಆಶಾರಾಣಿ, ಅವರೆಕಾಯಿ ಸುಲಿಯುತ್ತಾ.

“ಯಾಕೆ, ಆಗಲ್ವಾ?”

“ಹುಣಸೂರು ದಾಟೋದ್ರೊಳಗೆ ಬೆನ್ನಿಗೆ ಯಾರಾದ್ರೂ ಅಂಟ್ಕೊಂಡಿರ್ತಾರೆ. ಮದ್ವೆ ಆದ ಮಾರನೇ ದಿನ ದೇವಸ್ಥಾನಕ್ಕೆ ಕರ್ಕೊಂಡು ಹೋದ್ರಲ್ಲ, ಅವತ್ತೂ ಗಾಡಿ ಮೇಲೆ ಮೂರು ಜನ ಇದ್ವಿ ಕಣ್ರೀ. ಆ ಮೂರನೇವ್ರು ಯಾರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ.”

ಗೊತ್ತಿದ್ದರೂ ನಂಜುಂಡೇಶ ಹೇಳಲಿಲ್ಲ. ಪಂಥವಾಯಿತು. ಬಿಲ್ಲೆ ತಂದರೆ ಒಂದು ವರ್ಷ ಅವಳು ಬೈಕಿನ ಸುದ್ದಿ ಎತ್ತಕೂಡದು. ತರದಿದ್ದರೆ ಒಂದು ವರ್ಷ ಬೆಳಗಿನ ಕಾಫಿ ಮಾಡುವ ಕೆಲಸ ಅವನದು. ಆಶಾರಾಣಿ ಏಳುವುದು ಐದಕ್ಕೆ. ನಂಜುಂಡೇಶ ಏಳೂವರೆಗೆ, ಅದೂ ಎರಡು ಸಲ ಎಬ್ಬಿಸಿದರೆ.

ಭಾನುವಾರ ಮಂಜು ಕರಗುವ ಮೊದಲೇ ಹೊರಟ. ಗುರುತು ಸಿಗದಿರಲೆಂದು ಕಪ್ಪು ಗಾಜಿನ ಹೊಸ ಹೆಲ್ಮೆಟ್ಟು ಹಾಕಿದ್ದ. ಅದರಿಂದ ಆದ ಪ್ರಯೋಜನವೆಂದರೆ, ಕೆ.ಆರ್. ನಗರದ ವೃತ್ತದಲ್ಲಿ ನಿಂತಿದ್ದ ಗೋವಿಂದಯ್ಯ ಮೇಷ್ಟ್ರು ಅವನಿಗೆ ಕಾಣದೆ ಹೋದದ್ದು. ಅವರಿಗೆ ಮಾತ್ರ ಇವನು ಚೆನ್ನಾಗಿಯೇ ಕಂಡ.

“ಬಾರಪ್ಪ, ಸಮಯಕ್ಕೆ ಬಂದೆ,” ಎಂದು ಅವರು ಗಾಡಿಗೆ ಅಡ್ಡ ಬಂದು ನಿಲ್ಲಿಸಿ ಕಾಲೆತ್ತಿದರು. ಪಕ್ಕದಲ್ಲಿ ಬಟ್ಟೆ ಸುತ್ತಿದ ಪೆಟ್ಟಿಗೆಯೊಂದಿತ್ತು. “ಹುಣಸೂರಿಗೆ.”

“ಮೇಷ್ಟ್ರೇ, ಇವತ್ತು ಆಗಲ್ಲ. ಒಬ್ನೇ ಹೋಗ್ಬೇಕು.”

ಮೇಷ್ಟ್ರು ಎತ್ತಿದ ಕಾಲನ್ನು ನಿಧಾನಕ್ಕೆ ಇಳಿಸಿದರು. “ಒಬ್ನೇ ಯಾಕಪ್ಪ? ಮನೇಲಿ ಏನಾದ್ರೂ ಮನಸ್ತಾಪವಾ?”

“ಇಲ್ಲ ಮೇಷ್ಟ್ರೇ, ರೂಲ್ಸು.”

“ಹಿಂದೆ ಯಾರೂ ಕೂರಬಾರ್ದು ಅಂತ ರೂಲ್ಸಾ? ಮತ್ತೆ ಸೀಟ್ ಯಾಕೆ ಇಟ್ಟವ್ರೆ?” ನಂಜುಂಡೇಶ ಎಲ್ಲವನ್ನೂ ವಿವರಿಸಿದ. ಅವರು ಪೂರ್ತಿ ಕೇಳಿ, ನಂಬದೆ, ಪೆಟ್ಟಿಗೆಯನ್ನು ಸೀಟಿನ ಮೇಲಿಟ್ಟರು. “ಹಂಗಾದ್ರೆ ಇದನ್ನಾದ್ರೂ ಒಯ್ಯಿ. ಭಜನೆ ಹಾರ್ಮೋನಿಯಂ. ಬಸ್‌ಸ್ಟ್ಯಾಂಡ್ ಪಕ್ಕ ರಿಪೇರಿಯವನಿಗೆ ಕೊಟ್ರಾಯ್ತು. ಇದೇನು ಮನುಷ್ಯ ಅಲ್ವಲ್ಲ.”

ಹಾರ್ಮೋನಿಯಂ ಮನುಷ್ಯ ಅಲ್ಲವೆಂದು ಆ ರಸ್ತೆಯಲ್ಲಿ ಖಚಿತವಾಗಿ ಹೇಳುವುದು ಕಷ್ಟವಾಗಿತ್ತು. ಪ್ರತಿ ರಸ್ತೆಯುಬ್ಬಿಗೂ ಅದು ‘ಹೂಂ’ ಎಂದು ನಿಟ್ಟುಸಿರಿಟ್ಟಿತು. ಹೊಂಡ ಬಂದರೆ ಎರಡು ಸಲ. ಹುಣಸೂರಿನಲ್ಲಿ ಅದನ್ನು ಇಳಿಸಿ ಹಿಂತಿರುಗಿ ನೋಡಿದಾಗ ಸೀಟು ಖಾಲಿ! ಬಿಸಿಲು ಬಿದ್ದು ಹೊಳೆಯುತ್ತಿತ್ತು. ಆ ಸೀಟಿನ ಬಣ್ಣ ಕಂದು ಎಂಬುದೇ ಅವನಿಗೆ ನೆನಪಿರಲಿಲ್ಲ. ಫೋಟೋ ತೆಗೆದು ಆಶಾರಾಣಿಗೆ ಕಳಿಸಿದ. ಕೆಳಗೆ ಬರೆದ: ‘ಹುಣಸೂರು.’ ಅವಳಿಂದ ಉತ್ತರ ಬಂತು: ‘ಇನ್ನೂ ದಾಟಿಲ್ಲ.’

ದಾಟಿರಲಿಲ್ಲ, ನಿಜ. ಹೆಗ್ಗಡದೇವನಕೋಟೆ ರಸ್ತೆಯ ನಿಲ್ದಾಣದಲ್ಲಿ ಗಾವಡಗೆರೆಯ ಮಾಯಮ್ಮ ನಿಂತಿದ್ದಳು. ಅವನ ಅಂಗಡಿಯ ಹಳೆಯ ಗಿರಾಕಿ. ಬಗಲಲ್ಲಿ ಬಿದಿರು ಬುಟ್ಟಿ, ಬುಟ್ಟಿಯೊಳಗೆ ಕೆಂಪು ನಾಟಿ ಹುಂಜ.

“ಸಾವ್ಕಾರ್ರೇ, ನಿಂತ್ಕಳಿ! ನೀವೇ ನ್ಯಾಯ ಯೋಳಿ. ಎಂಗಸ್ರಿಗೆ ಬಸ್ಸು ಫ್ರೀ ತಾನೆ? ನಂಗೆ ಫ್ರೀ ಅಂತೆ, ಈ ಉಂಜಕ್ಕೆ ಅರ್ಧ ಟಿಕೀಟು ತಗೋ ಅಂತಾನೆ ಕಂಡಕ್ಟ್ರು! ಅಲ್ಲ ಕಣಪ್ಪ, ನನ್ ಜೊತೇಲದೆ, ಬುಡು ಅಂದ್ರೆ, ‘ಅಜ್ಜಿ, ಅದು ಗಂಡು’ ಅಂತಾನೆ!”

ಆ ಮಾತಿಗೆ ಬಸ್ಸಿಗೆ ಬಸ್ಸೇ ನಕ್ಕಿತಂತೆ. ಮಾಯಮ್ಮ ಸಿಟ್ಟಿನಿಂದ ಇಳಿದುಬಿಟ್ಟಿದ್ದಳು. ಕೋಟೆಯಲ್ಲಿ ಮಗಳು ಪ್ರಮೀಳಾ ಬಾಣಂತಿ. ಅವಳಿಗೆ ನಾಟಿ ಕೋಳಿ ಸಾರು ಆಗಬೇಕು.

“ಮಾಯಕ್ಕ, ಕೋಟೇಲಿ ಬೈಕ್ ಮೇಳ ಇದೆ, ಒಬ್ನೇ ಹೋಗ್ಬೇಕು. ನಿನ್ನ ಕೂರಿಸ್ಕೊಳೋ ಹಂಗಿಲ್ಲ ಇವತ್ತು,” ಎಂದು ನಂಜುಂಡೇಶ ಕಣ್ಣು ಮುಚ್ಚಿಕೊಂಡೇ ಹೇಳಿದ.

“ನನ್ನ್ಯಾರು ಕೂರಿಸ್ಕ ಅಂದೋರು? ನಾ ಇಂದ್ಲ ಬಸ್ಸಲ್ಲಿ ಫ್ರೀಯಾಗಿ ಬತ್ತೀನಿ. ನೀವು ಉಂಜ ತಗೊಂಡು ನಡೀರಿ. ಅದೆಲ್ಲೋ ಬೈಕ್ ಮ್ಯಾಳ ಅಂದ್ರಲ್ಲ, ಅಲ್ಲಿಗೇ ಬಂದು ಇಸ್ಕತೀನಿ.”

ಮೊಟ್ಟೆಯನ್ನೂ ಹೊಸಿಲು ದಾಟಲು ಬಿಡದ ಮನೆತನದ ನಂಜುಂಡೇಶ ಹೀಗೆ ಹುಂಜವನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಹುಣಸೂರು ದಾಟಿದ. ಸಾಮಾನು ತಾನೆ, ಎಂದು ತನಗೇ ಸಮಾಧಾನ ಹೇಳಿಕೊಂಡ.

ಕೋಟೆ ರಸ್ತೆ ಆ ಬೆಳಿಗ್ಗೆ ಭೂಲೋಕಕ್ಕೆ ಸೇರಿದ್ದಂತೆ ಕಾಣಲಿಲ್ಲ. ಹದ ಮಾಡಿದ ಹೊಗೆಸೊಪ್ಪಿನ ಘಮ, ಟಾರಿನ ಮೇಲೆ ಒಕ್ಕಣೆಗೆ ಹರಡಿದ ಹುರುಳಿ, ಅದರ ಮೇಲೆ ಹಾಯುವಾಗ ಚಕ್ರದಡಿ ಚಟಪಟ. ನಂಜುಂಡೇಶ ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಹಿಂದಕ್ಕೆ ಸರಿದು ಅಗಲವಾಗಿ ಕೂತ. ಯಾರೂ ಭುಜ ತಟ್ಟಲಿಲ್ಲ. ಯಾರೂ ಯೂರಿಯಾ ಯಾವಾಗ ಬರುತ್ತದೆಂದು ಕೇಳಲಿಲ್ಲ. ಖುಷಿಗೆ ಒಂದು ಕೂಗು ಹಾಕಿದ. ಹಿಂದಿನಿಂದ ಹುಂಜವೂ ಕೂಗಿತು.

“ಏನ್ ಚಂದ ಅಲ್ವೇನೋ?” ಎಂದ.

“ಕೊಕ್ಕೊಕ್,” ಎಂದಿತು ಹುಂಜ.

ಅಲ್ಲಿಂದ ಮಾತು ಬೆಳೆಯಿತು. ಎದುರು ಮಾತಾಡದೆ ಕೇಳುವವರು ಸಿಕ್ಕರೆ ಮನುಷ್ಯ ಏನೆಲ್ಲ ಹೇಳುತ್ತಾನೆ! ಬೈಕು ತಂದ ಮೊದಲ ದಿನವೇ ಬ್ರೇಕು ಸಿಗದೆ ತಿಪ್ಪೆಗೆ ಹಾರಿದ್ದನ್ನು ಹೇಳಿದ; ಅದು ಆಶಾರಾಣಿಗೂ ಗೊತ್ತಿರಲಿಲ್ಲ. ಮದುವೆಯ ಮಾರನೆಯ ದಿನ ಹತ್ತಿಕೊಂಡ ಮೂರನೆಯವರು ಯಾರೆಂಬುದನ್ನೂ ಹೇಳಿದ: ತಿರುವಿನಲ್ಲಿ ನಿಲ್ಲಿಸಿದಾಗ ತಾನಾಗಿ ಹತ್ತಿದ ಒಬ್ಬ ಐಸ್ ಕ್ಯಾಂಡಿಯವನು. ಪ್ರತಿ ಗುಟ್ಟಿಗೂ ಹುಂಜ ಗಂಭೀರವಾಗಿ ‘ಕೊಕ್’ ಎನ್ನುತ್ತಿತ್ತು.

ಹತ್ತೂ ನಲವತ್ತಕ್ಕೆ ಮೈದಾನ ತಲುಪಿದ. ಕೊಡಗಿನವರು, ವಯನಾಡಿನವರು, ಮೈಸೂರಿನವರು, ನೂರಾರು ದೊಡ್ಡ ಬೈಕುಗಳು. ನಡುವೆ ನುಗ್ಗಿದ ಆರ್‌ಎಕ್ಸಿನ ಸದ್ದಿಗೆ ಹುಡುಗರೆಲ್ಲ ಶಿಳ್ಳೆ ಹಾಕಿದರು. ನೋಂದಣಿಯ ಮೇಜಿನಲ್ಲಿ ರೂಪಶ್ರೀ ಎಂಬ ಮೈಸೂರಿನ ಹುಡುಗಿ. ಅವನ ಹೆಸರು ಬರೆದುಕೊಂಡು ಬಿಲ್ಲೆಯನ್ನು ಕೈಗೆತ್ತಿಕೊಂಡಳು. ಆ ಕ್ಷಣವೇ ಹುಂಜ ಮೈದಾನವೆಲ್ಲ ತಿರುಗುವಂತೆ ಕೂಗಿತು.

“ಸರ್, ಅದೇನು?”

“ಸಾಮಾನಮ್ಮ.”

“ಸಾಮಾನು ಕೂಗಲ್ಲ ಸರ್.” ರೂಪಶ್ರೀ ಬಿಲ್ಲೆಯನ್ನು ಕೆಳಗಿಟ್ಟು ನಿಯಮ ಓದಿದಳು: ಸವಾರನ ಹೊರತು ಗಾಡಿಯ ಮೇಲೆ ಬೇರೆ ಯಾವ ಜೀವಿಯೂ ಇರಕೂಡದು. “ಹೋದ ವರ್ಷ ಒಬ್ರು ನಾಯಿಗೆ ಕೂಲಿಂಗ್ ಗ್ಲಾಸ್ ಹಾಕಿ ಕೂರಿಸ್ಕೊಂಡು ಬಂದು ಒಂಟಿ ಸವಾರಿ ಅಂದ್ರು. ಅವತ್ತೇ ಮಾಡಿದ ರೂಲ್ ಇದು.”

ಸುತ್ತ ಜನ ಕೂಡಿದರು. ಕೋಳಿ ಸವಾರನೋ ಸಾಮಾನೋ ಎಂದು ಎರಡು ಪಕ್ಷವಾಯಿತು. “ಬಸ್ಸಲ್ಲೇ ಅರ್ಧ ಟಿಕೆಟ್ ಕೊಡ್ತಾರೆ, ಅಂದ್ಮೇಲೆ ಪ್ಯಾಸೆಂಜರೇ,” ಎಂದಿತು ಒಂದು ಪಕ್ಷ. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಬಂದದ್ದು ಮಾಯಮ್ಮ.

“ಏನವ್ವ ನಿಮ್ದು ಗಲಾಟೆ? ಜೀವಿ ಅಲ್ಲ ಕಣವ್ವ ಅದು, ಸಾರು. ಇನ್ನೂ ಆಗಿಲ್ಲ ಅಷ್ಟೆ.”

ಮೈದಾನ ಬಿದ್ದು ಬಿದ್ದು ನಕ್ಕಿತು. ರೂಪಶ್ರೀಯೂ ನಕ್ಕು ಮೆತ್ತಗಾದಳು. “ಸರಿ, ಆಹಾರ ಸಾಮಗ್ರಿ ಅಂತ ಬರೀತೀನಿ. ಸರ್, ಇಲ್ಲೊಂದು ಸಹಿ ಹಾಕಿಬಿಡಿ.”

ಸಹಿ ಹಾಕಬೇಕಾದ ಸಾಲು ಹೀಗಿತ್ತು: ‘ದಾರಿಯುದ್ದಕ್ಕೂ ನನಗೆ ಯಾರ ಜೊತೆಯೂ ಇರಲಿಲ್ಲ.’

ನಂಜುಂಡೇಶ ಪೆನ್ನು ಹಿಡಿದ. ಬಿಲ್ಲೆ ಗೇಣು ದೂರದಲ್ಲಿ ಮಿನುಗುತ್ತಿತ್ತು. ಬುಟ್ಟಿಯ ಸಂದಿಯಿಂದ ಹುಂಜ ಒಂದೇ ಕಣ್ಣಿನಿಂದ ಅವನನ್ನು ನೋಡಿತು. ತಿಪ್ಪೆಗೆ ಹಾರಿದ್ದನ್ನು ಬಲ್ಲ ಕಣ್ಣು. ಐಸ್ ಕ್ಯಾಂಡಿಯವನನ್ನು ಬಲ್ಲ ಕಣ್ಣು. ಅವನು ಪೆನ್ನು ಕೆಳಗಿಟ್ಟ.

“ಜೊತೆ ಇತ್ತಮ್ಮ,” ಎಂದ. “ಹುಣಸೂರಿಂದ ಇಲ್ಲೀವರೆಗೂ ಮಾತಾಡ್ಕೊಂಡೇ ಬಂದ್ವಿ.”

ರೂಪಶ್ರೀ ಅವನ ಮುಖವನ್ನೊಮ್ಮೆ ನೋಡಿದಳು. ‘ಒಂಟಿ’ ಎಂಬುದನ್ನು ಹೊಡೆದುಹಾಕಿ ‘ಜೋಡಿ’ ಎಂದು ಬರೆದಳು. ಹಿಂಬದಿ ಸವಾರರ ಹೆಸರು: ಹುಂಜ. ವಯಸ್ಸು: ಒಂದು. ರಕ್ತದ ಗುಂಪಿನ ಮುಂದೆ ಗೀಟು ಎಳೆದಳು. ಜೋಡಿಯವರಿಗೂ ಬಿಲ್ಲೆ ಇತ್ತು, ತಗಡಿನದು. ಅದನ್ನು ಬುಟ್ಟಿಗೆ ಕಟ್ಟಿದಳು.

ಮಾಯಮ್ಮ ಬುಟ್ಟಿಗೆ ಕೈ ಹಾಕಿದಳು. “ಆಯ್ತಲ್ಲ, ತತ್ತಾ ಇಲ್ಲಿ.”

“ರಿಜಿಸ್ಟರ್ ಆದ ರೈಡರನ್ನ ಸಾರು ಮಾಡಬಾರ್ದು ಚೇಚಿ!” ಎಂದ ಗಡ್ಡದ ವಯನಾಡಿಗ. ಹುಡುಗರೆಲ್ಲ ದನಿಗೂಡಿಸಿದರು.

“ಮತ್ತೆ ನನ್ ಮಗ್ಳು ಏನ್ ಕುಡೀಬೇಕ್ಲಾ? ನಿಮ್ ಪೆಟ್ರೋಲಾ?”

ಜಗಳ ಬಿಡಿಸಿದವನು ಮೇಳದ ಅಡುಗೆಯ ಮಾದೇಶ್. ಒಲೆಯ ಮೇಲೆ ಇನ್ನೂರು ಜನಕ್ಕೆ ಮೇಕೆ ಕಾಲಿನ ಸೂಪು ಕುದಿಯುತ್ತಿತ್ತು. ದೊಡ್ಡ ಕ್ಯಾರಿಯರಿನ ತುಂಬ ತುಂಬಿಸಿ ತಂದ. ಮಾಯಮ್ಮ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿ, “ಮೆಣಸು ಸಾಲ್ದು,” ಎಂದು, ಕ್ಯಾರಿಯರನ್ನು ಭದ್ರವಾಗಿ ಹಿಡಿದುಕೊಂಡಳು. ಆಮೇಲೆ ನಂಜುಂಡೇಶನತ್ತ ತಿರುಗಿ, “ಈಗ ನಿಮ್ ರೂಲ್ಸೆಲ್ಲ ಮುಗೀತಲ್ಲ? ಮಗ್ಳ ಮನೆಗಂಟ ಅತ್ತಿಸ್ಕಳಿ,” ಎಂದಳು. ಅವನು ಅಭ್ಯಾಸದಂತೆ ಮುಂದಕ್ಕೆ ಸರಿದ. ಹುಂಜ ಮಾಯಮ್ಮನ ಮಡಿಲೇರಿತು. ಮಗಳ ಮನೆಯ ಮುಂದೆ ಇಳಿದವಳು, “ಸಾರು ಸಿಕ್ತಲ್ಲ, ಉಂಜ ನೀವೇ ಮಡೀಕಳಿ,” ಎಂದು ಬುಟ್ಟಿಯನ್ನು ಸೀಟಿಗೇ ಕಟ್ಟಿದಳು.

ಸಂಜೆ ಕೆ.ಆರ್. ನಗರದಲ್ಲಿ ಗೋವಿಂದಯ್ಯ ಮೇಷ್ಟ್ರು ಕಾಯುತ್ತಲೇ ಇದ್ದರು. ಸಾಲಿಗ್ರಾಮದವರೆಗೆ ಅವರ ಮಡಿಲಲ್ಲಿ ಬುಟ್ಟಿ. ಇದರ ಶ್ರುತಿ ಹಾರ್ಮೋನಿಯಂಗಿಂತ ವಾಸಿ ಎಂದು ಇಳಿಯುವಾಗ ಹೇಳಿದರು.

ಆಶಾರಾಣಿ ಬಾಗಿಲಲ್ಲಿ ನಿಂತು ಮೊದಲು ಬುಟ್ಟಿಯನ್ನೂ ಆಮೇಲೆ ತಗಡಿನ ಬಿಲ್ಲೆಯನ್ನೂ ನೋಡಿದಳು.

“ಹುಣಸೂರು ದಾಟೋದ್ರೊಳಗೆ ಅಂದಿದ್ದೆ ತಾನೆ? ಆದ್ರೂ ಕೋಳಿ ಬಿಟ್ರೆ ಬೇರೆ ಯಾರೂ ಸಿಗ್ಲಿಲ್ವೇನ್ರೀ ನಿಮಗೆ?”

“ಸಿಕ್ಕಿದ್ರು. ಬೇಡ ಅಂದೆ.”

ಅವಳು ನಗು ತಡೆಯಲಾರದೆ ಒಳಗೆ ಹೋದಳು. ಹುಂಜಕ್ಕೆ ಹಿತ್ತಿಲ ಸೌದೆಮನೆಯಲ್ಲಿ ಜಾಗವಾಯಿತು.

ಮಾರನೆಯ ದಿನ ನಾಲ್ಕೂ ಮುಕ್ಕಾಲಿಗೆ ಹಿತ್ತಿಲಿನಿಂದ ಕೂಗು ಕೇಳಿತು. ಆಶಾರಾಣಿ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡು, “ನಿಮ್ಮನ್ನೇ ಕರೀತಿರೋದು. ಸಕ್ಕರೆ ಕಮ್ಮಿ ಹಾಕಿ,” ಎಂದಳು. ನಂಜುಂಡೇಶ ಕಣ್ಣುಜ್ಜಿಕೊಂಡು ಅಡುಗೆಮನೆಗೆ ಹೋದ. ಬೆಂಕಿಪೊಟ್ಟಣ ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಎರಡನೆಯ ಕೂಗು.

“ಬಂದೆ ಕಣಪ್ಪ, ಬಂದೆ,” ಎಂದು ಹಾಲು ಒಲೆಗಿಟ್ಟ.